'ಮಂದಿ' ಅನ್ನೋ ಫೈಲು

ಕೌಸಲ್ಯಾಬಾಯಿಯ ಕೈ ಆಗ ಮೌಸಿನ ಮ್ಯಾಲ ಇದ್ದಿಲ್ಲ, ಚಹಾದ ಕಪ್ಪಿನ ಮ್ಯಾಲಿತ್ತು. ಆದ್ರೂ ಪರದೆ ಮ್ಯಾಲಿನ ಬಾಣ ತಾನಾಗೇ ಸರೀತು. ಸರದು, ಮೂಲ್ಯಾಗಿನ ಒಂದು ಫೈಲಿನ ಮ್ಯಾಲ ನಿಂತು, ಅದನ್ನ ತಗೀತು. ಆ ಫೈಲಿನ ಹೆಸರು 'ಮಂದಿ'.

ಯವ್ವಾ! ಹಾಡಾಹಗಲು, ಔರಾದ ಬಸ್ ಸ್ಟ್ಯಾಂಡಿನ ಮುಂದಿನ ಅಂಗಡಿ, ಒಳಗ ತಾ ಒಬ್ಬಾಕಿ. ಮತ್ತ ಯಾರೋ ಕಾಣದವ ಅಕೀ ಕಣ್ಣಮುಂದೇ ಕೈಯಾಡಸ್ಲಿಕತ್ತಾನ.

ಆ ಫೈಲಿನಾಗ ಮುನ್ನೂರ ಹನ್ನೆರಡು ಮಂದಿಯ ಈಮೇಲ್, ಪಾಸ್‌ವರ್ಡ್, ಫೋನ್ ನಂಬರ್ ಇದ್ವು. ಡಾಬಕಾ ಊರಿಂದ ಲಗ್ನಾಗಿ ಬಂದಾಕಿ ಕೌಸಲ್ಯಾಬಾಯಿ. ಮೊದಲ ಟೈಪಿಂಗ್ ಕ್ಲಾಸ್ ನಡಿಸಿದ್ಳು. ಟೈಪಿಂಗ್ ಮಶೀನಿನ ಕಾಲ ಮುಗೀತು, ಅದೇ ಖೋಲ್ಯಾಗ ಕಂಪ್ಯೂಟರ್ ಇಟ್ಟು ಮಂದಿ ಅರ್ಜಿ ತುಂಬ್ಲಿಕ್ಕೆ ಕುಂತ್ಳು. ಈಗಲೂ ಊರೆಲ್ಲಾ ಅಕೀಗೆ, ಟೀಚರಿಗೆ ಅಂದಂಗ, 'ಅಕ್ಕೋರ' ಅಂತೇ ಕರೀತದ. ನಮ್ಮ ಕಡಿ ಮಂದಿ ಪಾಸ್‌ವರ್ಡ್ ತಾವು ಇಟ್ಕೊಳ್ಳಂಗಿಲ್ಲ. "ನಮ್ಮ ತಲ್ಯಾಗ ಎಲ್ಲಿ ನಿಲ್ತದರಿ, ನೀವೇ ಇಟ್ಕೋರಿ ಅಕ್ಕೋರ" ಅಂತಾರ, ಎದ್ದು ಹೋಗ್ತಾರ. ಇದು ಶ್ಯಾಣೇತನ ಅಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆದ್ರ ಅಕೀ ಒಬ್ಬರಿಗೂ ಇಲ್ಲ ಅಂದಾಕಿ ಅಲ್ಲ.

ಹೆದರಿಕ್ಯಾಗ ಏನ ಮಾಡ್ಯಾಳ ನೋಡ್ರಿ: ಪರದೆಯ ಬಟನ್ ಒತ್ತಿ ಬಂದ್ ಮಾಡಿದ್ಳು. ಪರದೆ ಕಪ್ಪಾತು, ಕೆಳಗಿನ ಸಿಪಿಯು ಡಬ್ಬಿ ಮಾತ್ರ ಗುಂಯ್ ಅಂತಲೇ ಇತ್ತು. ನಾವು ಕಣ್ಣ ಮುಚ್ಚಿದ್ರ ಕಳ್ಳ ಹೋಗ್ತಾನೇನು? ನೆಪ್ಪಾಗಿ ಬೀದರದ ಸಾಜಿದನಿಗೆ ಫೋನ್ ಹಚ್ಚಿದ್ಳು. ಅಂವ ಅಕೀ ಹಳೇ ಶಿಷ್ಯ, ಈಗ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಾನ.

"ಅಕ್ಕೋರ, ಜಲ್ದಿ ನೆಟ್ಟಿನ ವೈರ್ ತಗೀರಿ! ಮೊದಲ ಅದು, ಮಾತು ಆಮ್ಯಾಲ!"

ಗಡಿಬಿಡಿಲೆ ವೈರ್ ಜಗ್ಗಿದ್ಳು, ಅದರ ತುದಿ ಮುರದು ಕೈಯಾಗ ಬಂತು.

"ಇತ್ತೀಚಿಗೆ ಏನರೇ ಹೊಸಾದು ಹಾಕೀರೇನ್ರಿ?"

ಹಾಕಿದ್ಳು. ಒಂಬತ್ತು ದಿನದ ಹಿಂದ, ಹಳೇ ಕನ್ನಡ ಫಾಂಟಿನಾಗಿದ್ದ ಒಂದು ಠರಾವು ಹೊಸ ಅಕ್ಷರಕ್ಕ ಬದಲಿಸೋದಿತ್ತು. ಯಾವುದೋ ಪುಟದಿಂದ ಫುಕಟ್ ಸಾಫ್ಟ್‌ವೇರ್ ಇಳಿಸ್ಕೊಂಡ್ಳು. ಆಂಟಿವೈರಸ್ ಕೆಂಪಗಾಗಿ ಒದರ್ತು. ಒದರೋದೇನು ಹೊಸಾದಲ್ಲ. ಕನ್ನಡ ಫಾಂಟಿನ ಸಾಫ್ಟ್‌ವೇರ್ ಯಾವುದು ಹಾಕಿದ್ರೂ ಅದು ಒದರ್ತಿತ್ತು, ಟೈಪಿಂಗ್ ಮಾಡೋರೆಲ್ಲಾ ಅದರ ಬಾಯಿ ಮುಚ್ಚಿಸೇ ಕೆಲಸ ತಗೀತಿದ್ರು. ಅಕೀನೂ ಮುಚ್ಚಿಸಿದ್ಳು, ಮತ್ತ ಚಾಲೂ ಮಾಡೋದು ಮರತ್ಳು. ಸಾಫ್ಟ್‌ವೇರ್ ಅಂತೂ ಛಂದಾಗಿ ಕೆಲಸ ಮಾಡ್ತು, ಒಂದು ಒತ್ತಕ್ಷರ ತಪ್ಪಲಿಲ್ಲ.

"ಅದೇ ಟ್ರೋಜನ್ ಅಕ್ಕೋರ," ಅಂದ ಸಾಜಿದ. "ಪೇಡೆ ಡಬ್ಬಿ ಹಿಡ್ಕೊಂಡು ಬೀಗರಂಗ ಬರ್ತದ. ನೀವು ಚಹಾಕ್ಕಿಡ್ಲಿಕ್ಕೆ ಒಳಗ ಹೋದ್ರಿ ಅಂದ್ರ ಹಿಂದಿನ ಬಾಗಿಲ ಚಿಲಕ ತಗದು ಕಳ್ಳನ್ನ ಒಳಗ ಬಿಡ್ತದ. ಕಂಪ್ಯೂಟರಿನ ಡಬ್ಬಿ ತಗೊಂಡು ಬಂದ್ಬಿಡ್ರಿ."

ಸಿಪಿಯು ಶಾಲಿನಾಗ ಸುತ್ತಿ, ತೊಡಿ ಮ್ಯಾಲ ಇಟ್ಕೊಂಡು ಬೀದರ ಬಸ್ಸಿನಾಗ ಕುಂತ್ಳು. ಹಣೇಬಾರ ನೋಡ್ರಿ, ಬಾಜೂಕ ಬಂದು ಕುಂತಾಕಿ ದಾನಮ್ಮ, ಅಕೀ ಜೋಡಿ ಮಗಳು ಸುಮನ. ಹುಡುಗಿಗೆ ಭಾಲ್ಕಿಯೊಳಗ ನರ್ಸಿಂಗ್ ಸೀಟ್ ಬಂದಿತ್ತು. ಅರ್ಜಿ ತುಂಬಿದಾಕಿ ಕೌಸಲ್ಯಾಬಾಯೇ.

"ಬೀದರಕ್ಕ ಇಳದು ಭಾಲ್ಕಿ ಬಸ್ ಹಿಡೀತೇವ್ರಿ, ಹಾಸ್ಟೆಲ್ ನೋಡೋದದ," ಅಂದ್ಳು ದಾನಮ್ಮ. "ಸೀಟ್ ಒಪ್ಪಿಕೊಳ್ಳೋದು ನಾಳಿ ಕಡೀ ದಿನ ಅಲ್ರೀ? ಮುಂಜಾನಿ ನಿಮ್ಮ ಹತ್ರ ಬರ್ತೇವಿ. ಪಾಸ್‌ವರ್ಡ್ ಭದ್ರ ಅದಲ್ರೀ ಅಕ್ಕೋರ?"

"ಅದವ್ವ. ಕಾಳಜಿ ಬ್ಯಾಡ."

ನಾಲಿಗಿ ಹೇಳಿಬಿಡ್ತು, ಮನಸ್ಸು ಆಮ್ಯಾಲ ಅಂಜ್ತು. ಬೀದರ ಬರೋತನಕ ಅಕೀ ಆ ತಾಯಿ ಮಗಳ ಮಾರಿ ನೋಡ್ಲಿಲ್ಲ.

ಸಾಜಿದ ಆ ಡಬ್ಬಿನ ಅದರ ಪಾಡಿಗೆ ಚಾಲೂ ಆಗ್ಲಿಕ್ಕೆ ಬಿಡಲಿಲ್ಲ. ತನ್ನ ಪೆನ್‌ಡ್ರೈವಿನಿಂದ ಚಾಲೂ ಮಾಡಿ ಒಳಗ ಹುಡುಕಿದ. ಯಂತ್ರ ಎದ್ದಾಗೊಮ್ಮೆ ತಾನೂ ಏಳಂಗ ಆ ಟ್ರೋಜನ್ ಮೂರು ಕಡಿ ಬೇರು ಬಿಟ್ಟಿತ್ತು. "ಕಿತ್ತರೂ ನಂಬಿಗಿ ಇಲ್ರಿ," ಅಂತ ಮಂದಿ ಕಾಗದ, ಫೋಟೋ ಅಷ್ಟೇ ತಪಾಸ ಮಾಡಿ ತಗದಿಟ್ಟು, ಉಳಿದದ್ದೆಲ್ಲಾ ಅಳಿಸಿ, ವಿಂಡೋಸ್ ಹೊಸಾದಾಗಿ ಹಾಕಿದ. ಮೂರು ತಾಸು ಹಿಡೀತು.

"ಯಂತ್ರ ಪಾಕ್ ಆತ್ರಿ, ಸ್ವಚ್ಛ. ಆದ್ರ ಹೋದದ್ದು ಹೋತು. ಈಗ ನನ್ನ ಕಂಪ್ಯೂಟರಿನ ಮ್ಯಾಲ ಎಲ್ಲಾರ ಪಾಸ್‌ವರ್ಡ್ ಬದಲಿಸಬೇಕು." ಆಮ್ಯಾಲ ದನಿ ಇಳಿಸಿದ. "ಮಂದೀಗೆ ಕಳವಿನ ಸುದ್ದಿ ಯಾಕ್ರೀ? ಸರ್ವರ್ ಕೆಲಸ ಅದ ಅಂತ ಫೋನ್ ಮಾಡಿ ಅವರ ಮೊಬೈಲಿಗೆ ಬಂದ ಓಟಿಪಿ ಕೇಳ್ರಿ. ನಿಮ್ಮ ಹೆಸರಿಗೆ ಯಾರಾದ್ರೂ ಕೊಡ್ತಾರ."

ಕೌಸಲ್ಯಾಬಾಯಿಗೆ ಆಗ ಹೊಳೀತು. ಹೌದು, ನನ್ನ ಹೆಸರಿಗೆ ಕೊಡ್ತಾರ. ನನ್ನ ಹೆಸರ ಹೇಳಿ ಯಾರ ಕೇಳಿದ್ರೂ ಕೊಡ್ತಾರ. ನಂಬರೆಲ್ಲಾ ಆ ಕಳ್ಳನ ಹತ್ರ ಅವ!

ದಾನಮ್ಮಗ ಫೋನ್ ಹಚ್ಚಿದ್ಳು.

"ಹೇಳ್ರಿ ಅಕ್ಕೋರ! ಈಗಷ್ಟೇ ನಿಮ್ಮ ಕಡಿಯವರು ಫೋನ್ ಮಾಡಿದ್ರಲ್ರೀ. ಮೊಬೈಲಿಗೆ ಬಂದ ಆರು ಅಂಕಿ ಕೇಳಿದ್ರು, ಕೊಟ್ಟೆ."

"ಯಾರು ಅಂತ ಕೇಳಲಿಲ್ಲೇನವ್ವಾ?"

"ನಿಮ್ಮ ಹೆಸರ ಹೇಳಿದ್ರೀ. ಮತ್ತೇನ ಕೇಳ್ಲಿ?"

ಸಾಜಿದ ಸುಮನಳ ಈಮೇಲ್ ತಗೀಲಿಕ್ಕೆ ನೋಡಿದ. ಪಾಸ್‌ವರ್ಡ್ ಹತ್ತಲಿಲ್ಲ. ಕಳ್ಳ ಬದಲಿಸಿಬಿಟ್ಟಿದ್ದ. ಅವನಿಗೆ ನರ್ಸಿಂಗ್ ಸೀಟ್ ತಗೊಂಡು ಏನಾಗಬೇಕು, ಸಿಕ್ಕ ಖಾತೆ ಹಿಡ್ಕೋಬೇಕು ಅಷ್ಟೇ. ಆದ್ರ ಸೀಟ್ ಒಪ್ಪಿಕೊಳ್ಳೋ ಓಟಿಪಿ ಬರೋದು ಅದೇ ಈಮೇಲಿಗೆ.

"ದಾನಮ್ಮ, ಬಸ್ಸಿನಾಗ ನಾ ಸುಳ್ಳ ಹೇಳಿದೆ," ಅಂದ್ಳು ಕೌಸಲ್ಯಾಬಾಯಿ. ಎಲ್ಲಾ ಹೇಳಿದ್ಳು.

"ಸೀಟು ಹೋತೇನ್ರಿ?"

"ಗೊತ್ತಿಲ್ಲವ್ವಾ. ಈಮೇಲ್ ತಿರುಗಿ ಪಡೀಲಿಕ್ಕೆ ಅರ್ಜಿ ಹಾಕ್ತೇನಿ, ಕಾಲೇಜಿಗೂ ಬರ್ತೇನಿ. ನಾಳಿ ಒಳಗ ಆಗ್ತದೋ ಇಲ್ಲೋ."

"ಮಗಳಿಗೆ ಹೇಳೋದು ನನ್ನ ಬಾಯಿಲೆ ಆಗಂಗಿಲ್ರೀ. ಅಕೀ ಇಲ್ಲೇ ಹಾಸ್ಟೆಲ್ ಖೋಲ್ಯಾಗ ಅದಾಳ. ನೀವೇ ಹೇಳ್ರಿ."

ಸುಮನ ಫೋನ್ ತಗೊಂಡ್ಳು. ಕೌಸಲ್ಯಾಬಾಯಿ ಅಳಕೋತ ಮತ್ತೊಮ್ಮೆ ಮೊದಲಿಂದ ಹೇಳಿದ್ಳು. ಹುಡುಗಿ ಒಂದು ಮಾತು ಬೈಲಿಲ್ಲ.

"ಕಿಟಕಿ ಹತ್ರದ ಮಂಚ ಹಿಡದಿದ್ದೆ, ಚಾದರ ಹಾಸೀನ್ರಿ," ಅಂದ್ಳು. "ಅದನ್ನ ತಗೀಲೇನ್ರಿ ಅಕ್ಕೋರ?"