ಫೈಬರ್‌ನಲ್ಲಿ ಎಂತ ಮರ?

ಗೆಳೆಯರೇ, ಇವತ್ತು ಇಲ್ಲಿ ವಾದಿ ಕಬೀರ್ ಬಡಾವಣೆಯ ನಮ್ಮ ವರ್ಕ್‌ಶಾಪಿನಲ್ಲಿ ನನಗೆ ಬೋಟಿನ ಬಗ್ಗೆ ಪಾಠವಾಯಿತು. ಬೋಟು ರಿಪೇರಿಯೇ ನನ್ನ ಕಸುಬು ಎಂಬುದು ಬೇರೆ ಮಾತು.

ಗೆಳೆಯ ವಿಲ್ಸನ್ ಒಂದು ಹಳೆಯ ಫೈಬರ್ ಬೋಟು ಕೊಳ್ಳುವವನಿದ್ದ. ಶುಕ್ರವಾರದ ರಜೆಗೆ ಹೆಂಡತಿ ಮಕ್ಕಳನ್ನು ಸಮುದ್ರಕ್ಕೆ ಕರೆದೊಯ್ಯುವ ಆಸೆ. ಕೊಳ್ಳುವ ಮುಂಚೆ ನನಗೆ ತೋರಿಸಲೆಂದು ಬೋಟನ್ನು ತಂದಿದ್ದ; ಮಾರುವ ಸದಾನಂದಣ್ಣನೂ ಜೊತೆಗೇ ಬಂದಿದ್ದರು.

ಎಂಜಿನ್ ಕೂರಿಸುವ ಹಿಂಬದಿಗೆ ಸುತ್ತಿಗೆಯಿಂದ ತಟ್ಟಿದೆ. ಟಣ್ ಎನ್ನಬೇಕಾದದ್ದು ದೊಬ್ ಎಂದಿತು.

"ಒಳಗಿನ ಮರ ಕೊಳೆತ ಹಾಗುಂಟು" ಎಂದೆ.

ಸದಾನಂದಣ್ಣ ನಕ್ಕರು. "ಇದು ಫೈಬರ್ ಮಾರಾಯ್ರೆ! ಫೈಬರ್‌ನಲ್ಲಿ ಎಂತ ಮರ?"

"ಒಂದು ತೂತು ಕೊರೆದು ನೋಡ್ಲಾ?"

"ಒಂದೆಂತಕ್ಕೆ, ಹತ್ತು ಕೊರೀರಿ!"

ಡ್ರಿಲ್ ಹೊರಗೆಳೆದದ್ದೇ ತಡ, ಕಂದು ನೀರು ಸುರಿಯಿತು. ಹಿಂದೆಯೇ ಗಂಜಿಯಂತಾದ ಪ್ಲೈವುಡ್ ಬಂತು. ವಿಲ್ಸನ್ ಮುಖ ಬಿಳಿಚಿಕೊಂಡಿತು. "ಇದ್ರಲ್ಲಿ ಮಕ್ಕಳನ್ನು ಕೂರಿಸ್ಲಿಕ್ಕೆ ಹೊರಟಿದ್ದೆನಲ್ಲ! ಖಲಾಸ್, ನಂಗೆ ಬೇಡ" ಎಂದ.

ಸದಾನಂದಣ್ಣ ನನ್ನತ್ತ ತಿರುಗಿದರು. "ಬರುವಾಗ ಸರಿ ಇತ್ತು. ನೀವು ತೂತು ಮಾಡಿದ್ದಕ್ಕೇ ಹಾಳಾದದ್ದು!"

ನೋಡಿ, ಸಮುದ್ರದ ನೀರು ವರ್ಷಗಟ್ಟಲೆ ಕಷ್ಟಪಟ್ಟು ಮಾಡುವ ಕೆಲಸವನ್ನು ನಾನು ಎರಡೇ ನಿಮಿಷದಲ್ಲಿ ಮುಗಿಸಿದ್ದೇನೆ. ಇಂಥ ಕೈಗುಣದವನ ಹತ್ತಿರ ದಯವಿಟ್ಟು ಯಾರೂ ಒಳ್ಳೆಯ ಬೋಟು ತರಬೇಡಿ.