ಸೇದುವವನಲ್ಲ, ಊದುವವನು

ಚೆಲುವರಾಜುವಿನ ಎದೆ ಕೆಡಿಸಿದ್ದು ನಾಗಸ್ವರವಲ್ಲ, ನಾನು. ಪಾಂಡವಪುರದಲ್ಲಿ ಅವನ ಬೀದಿಯವರು, ಅವನ ಹೆಂಡತಿ ನಾಗರತ್ನ, ಮಗಳು ಸುಮ, ಕೊನೆಗೆ ಚೆಲುವನೇ—ಎಲ್ಲರೂ ನಂಬಿದ್ದು ಬೇರೆ. ಮದುವೆ ಮನೆಗಳಲ್ಲಿ ಓಲಗ ಊದಿ ಊದಿ ಅವನ ಎದೆ ಸವೆದುಹೋಯಿತು ಎಂದು. ಅವರ ನಡುವೆ ಅದು ಸುಳ್ಳು ಎಂದು ಬಲ್ಲವನು ನಾನೊಬ್ಬನೇ ಆಗಿದ್ದೆ. ಏಕೆಂದರೆ ಆ ಸುಳ್ಳು ಹೇಳಿದವನೇ ನಾನು. ಹೇಳಿದ್ದಲ್ಲದೆ, ಪ್ರತಿ ಶುಕ್ರವಾರ ಅವರ ಮನೆಗೆ ಹೋಗಿ, ನಾಗರತ್ನ ಕೊಟ್ಟ ಕಾಫಿ ಕುಡಿದು, ಅದೇ ಸುಳ್ಳಿಗೆ ತಲೆಯಾಡಿಸಿ ಬರುತ್ತಿದ್ದೆ. ಇಷ್ಟು ವರ್ಷ. ಈಗ ಸಾಕಾಗಿದೆ. ನನಗೆ ನಾನೇ ಸಾಕಾಗಿಹೋಗಿದ್ದೇನೆ.

ನನ್ನ ಹೆಸರು ಅನ್ವರ್. ಶ್ರೀರಂಗಪಟ್ಟಣದಲ್ಲಿ ಮರಗೆಲಸದ ಅಂಗಡಿ ಇದೆ. ಮೇಲುಕೋಟೆಯಲ್ಲಿ ಸಿನಿಮಾ ಶೂಟಿಂಗ್ ನಡೆದಾಗಲೆಲ್ಲ ಸಾಮಾನು ಒದಗಿಸುವುದು ನನ್ನ ಇನ್ನೊಂದು ಕಸುಬು. ತೊಟ್ಟಿಲು, ಕತ್ತಿ, ಲಾಟೀನು, ಮುರಿದ ಕುರ್ಚಿ, ಮುರಿಯಬೇಕಾದ ಕುರ್ಚಿ—ಕೇಳಿದ್ದು ಕೇಳಿದ ಹೊತ್ತಿಗೆ ಸಿಗಬೇಕು. ಚೆಲುವನ ಪರಿಚಯ ಅದಕ್ಕಿಂತ ಹಳೆಯದು. ಅವನ ನಾಗಸ್ವರದ ಅಗಲ ಬಾಯಿ ಬಿರುಕು ಬಿಟ್ಟಾಗ ಹೊಸದು ಕಡೆದುಕೊಟ್ಟವನು ನಾನು. ಅಂದಿನಿಂದ ಏನ್ಲಾ ಎಂದರೆ ಏನ್ಲಾ ಎನ್ನುವಷ್ಟು ಸಲಿಗೆ.

ಒಂದು ಸಿನಿಮಾ ಬಂತು. ಅದರಲ್ಲಿ ಖಳನಾಯಕ ಜಮೀನ್ದಾರ, ಮೊದಲಿಂದ ಕೊನೆಯವರೆಗೆ ಕೈಯಲ್ಲಿ ಸಿಗಾರ್. ಆ ಪಾತ್ರ ಮಾಡಿದ ಹಿರಿಯ ನಟರು ಒಳ್ಳೆಯ ಮನುಷ್ಯ. ಸಿಗಾರ್ ಕೂಡಿಡುವ ಹವ್ಯಾಸ ಅವರಿಗೆ. ಮನೆಯಲ್ಲಿ ಒಂದು ಬೀರು ತುಂಬ ದೇಶದೇಶದ ಸಿಗಾರ್‌ಗಳಿದ್ದವಂತೆ, ತೇವ ಆರದ ಹಾಗೆ ನೋಡಿಕೊಳ್ಳುತ್ತಿದ್ದರಂತೆ. ಶೂಟಿಂಗಿಗೂ ಒಂದು ಪೆಟ್ಟಿಗೆ ತಂದಿದ್ದರು. ಮುಚ್ಚಳ ತೆರೆದರೆ ಮರದ ವಾಸನೆ, ಎಲೆಯ ವಾಸನೆ—ನಾನು ಮರ ಕೆತ್ತಿ ಬದುಕಿದವನು, ಅಂಥ ಮರದ ವಾಸನೆ ಅದುವರೆಗೆ ಮೂಸಿರಲಿಲ್ಲ. ಆದರೆ ಅವರು ಹಚ್ಚುವ ಹಾಗಿರಲಿಲ್ಲ. ಹೃದಯದ ಆಪರೇಷನ್ ಆಗಿತ್ತು. "ಇದನ್ನ ಹಚ್ಚಿದರೆ ಆಮೇಲೆ ನೀವೆಲ್ಲ ಸೇರಿ ನನ್ನನ್ನೇ ಹಚ್ಚಬೇಕಾಗುತ್ತೆ" ಎಂದು ನಕ್ಕರು.

ದೃಶ್ಯಕ್ಕೆಂದು ಅಂಥ ದುಬಾರಿ ಸಿಗಾರ್‌ಗಳನ್ನು ಸುಡುವ ಹಾಗೂ ಇರಲಿಲ್ಲ, ಹಾಗಾಗಿ ಅವರ ಒಂದು ಸಿಗಾರನ್ನು ಮಾದರಿಗೆ ಇಸಿದುಕೊಂಡು ನಾನೇ ಸುತ್ತಲು ಕೂತೆ. ನಮ್ಮ ಅಮ್ಮಿ ಒಂದು ಕಾಲದಲ್ಲಿ ಮನೆಯಲ್ಲಿ ಚುಟ್ಟ ಸುತ್ತುತ್ತಿದ್ದವರು. ಅವರ ಕೈ ನೋಡಿ ಬೆಳೆದವನಿಗೆ ಅದು ಕಷ್ಟವಾಗಲಿಲ್ಲ. ಕೆ.ಆರ್. ಪೇಟೆ ಸಂತೆಯಿಂದ ಹೊಗೆಸೊಪ್ಪು ತಂದು, ನೀರು ಚಿಮುಕಿಸಿ ಮೆತ್ತಗೆ ಮಾಡಿ, ನಾರು ಬಿಡಿಸಿ, ಒಳಗೆ ಚೂರು ತುಂಬಿ, ಮೇಲೆ ಒಂದು ನಯವಾದ ಎಲೆ ಸುತ್ತಿ, ಜಾಲಿ ಅಂಟು ಸವರಿ, ಹಲಗೆಯ ಕೆಳಗೆ ಒತ್ತಿಟ್ಟೆ. ಹೊಂಬಣ್ಣದ ಕಾಗದ ಕತ್ತರಿಸಿ ಉಂಗುರದ ಹಾಗೆ ಅಂಟಿಸಿದೆ. ನೋಡಲು ಥೇಟ್ ವಿದೇಶಿ ಸಿಗಾರ್. ಹೊಗೆ ಮಾತ್ರ ನಮ್ಮ ಸಂತೆಯದು—ಕಣ್ಣು ಉರಿದುಹೋಗುವಂಥದ್ದು.

ತೊಂದರೆ ಶುರುವಾದದ್ದು ಅಳತೆಯಲ್ಲಿ. ಒಂದೇ ದೃಶ್ಯವನ್ನು ಹತ್ತು ಸಲ ತೆಗೆಯುತ್ತಾರೆ. ಮೊದಲು ತೆಗೆದಾಗ ಸಿಗಾರ್ ಅರ್ಧ ಉರಿದಿದ್ದರೆ ಹತ್ತನೆಯ ಸಲವೂ ಅರ್ಧವೇ ಉರಿದಿರಬೇಕು. ಕತ್ತರಿಸಿ ಕೊಟ್ಟರೆ ಆಗದು, ತುದಿಯಲ್ಲಿ ನಿಜವಾದ ಬೂದಿ ಕಾಣಬೇಕು. ಅಂದರೆ ಯಾರಾದರೂ ಹೊಸದೊಂದನ್ನು ಹಚ್ಚಿ, ಬೇಕಾದ ಅಳತೆಗೆ ಸೇದಿ ಇಳಿಸಿ, ಬೂದಿ ಉದುರದಂತೆ ತಂದುಕೊಡಬೇಕು. ಬಾಯಿಟ್ಟ ತುದಿಯನ್ನು ನಾನು ಬ್ಲೇಡಿನಿಂದ ಸವರಿ ನಟರ ಕೈಗಿಡುತ್ತೇನೆ. ಸರಿ, ಸೇದುವವರು ಯಾರು? ನಾನೇ ಸೇದಿದೆ. ಎರಡು ದಮ್ಮಿಗೆ ಲೋಕವೆಲ್ಲ ತಿರುಗಿ, ಮಂಟಪದ ಹಿಂದೆ ಹೋಗಿ ಬೆಳಗಿನ ಇಡ್ಲಿಯನ್ನೆಲ್ಲ ಕಕ್ಕಿಕೊಂಡೆ.

ಚೆಲುವ ಅಂದು ಮದುವೆಯ ದೃಶ್ಯಕ್ಕೆ ಓಲಗ ಊದಲು ಬಂದು, ನೆರಳಲ್ಲಿ ಕೂತಿದ್ದ. ನನ್ನ ಅವಸ್ಥೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನ್ಲಾ ಅನ್ವರು, ಇದೇನು ಚುಟ್ಟನಾ ಒನಕೆನಾ? ಕೊಡ್ಲಾ ಇತ್ಲಾಗೆ. ಇದು ಊದೋ ಎದೆ ಕಣ್ಲಾ."

ಒಂದೇ ಉಸಿರು ಎಳೆದ. ಕೆಂಡ ಸರಸರನೆ ಬೆರಳುದ್ದ ಇಳಿಯಿತು. ಬೂದಿ ಅಲುಗಲಿಲ್ಲ. ಶೂಟಿಂಗಿನವರೆಲ್ಲ ಚಪ್ಪಾಳೆ ತಟ್ಟಿದರು. ಚೆಲುವನೂ ಹಿಗ್ಗಿ, ಉದುರಿದ ಕಾಗದದ ಉಂಗುರವನ್ನು ಕಿರುಬೆರಳಿಗೆ ಹಾಕಿಕೊಂಡು ತಿರುಗಿದ. ಅಂದಿನಿಂದ ಆ ಕೆಲಸ ಅವನದಾಯಿತು.

ಮರುದಿನ ಆ ಹಿರಿಯ ನಟರು ನನ್ನನ್ನು ಪಕ್ಕಕ್ಕೆ ಕರೆದರು. "ಆ ಓಲಗದವರು ಹೊಗೆಯನ್ನ ಎದೆಗೆ ಎಳೀತಿದ್ದಾರೆ. ಸಿಗಾರ್ ಹಾಗೆ ಸೇದೋದಲ್ಲ. ಬಾಯಲ್ಲಿ ಆಡಿಸಿ ಬಿಟ್ಟುಬಿಡಬೇಕು. ಬಾಯಿಗೂ ಒಳ್ಳೆಯದೇನಲ್ಲ, ಆದರೆ ಎದೆಗಂತೂ ಬೇಡವೇ ಬೇಡ. ಅವರಿಗೆ ಹೇಳಿ."

"ಹೇಳ್ತೀನಿ ಸಾರ್" ಎಂದೆ.

ಹೇಳಲಿಲ್ಲ. ಮರೆತೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ—ಇಲ್ಲ, ಮರೆಯಲಿಲ್ಲ. ಬಾಯಲ್ಲಿ ಆಡಿಸಿ ಬಿಡುತ್ತ ಕೂತರೆ ಸಿಗಾರ್ ಇಳಿಯಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಬಿಸಿಲು ಹೋಗುತ್ತದೆ, ಡೈರೆಕ್ಟರು ಕೂಗಾಡುತ್ತಾರೆ. ಚೆಲುವ ಎದೆಗೆ ಎಳೆದರೆ ಕೆಲಸ ಚಕಚಕ ಆಗುತ್ತಿತ್ತು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣವೊಂದಿದ್ದರೆ ಹೇಳಿಕೊಳ್ಳಲಾದರೂ ಆಗುತ್ತಿತ್ತು.

ಆ ಸಿನಿಮಾ ಮುಗಿದಾಗ ನಟರು ಖಾಲಿ ಪೆಟ್ಟಿಗೆಯನ್ನು ನನಗೆ ಕೊಟ್ಟುಹೋದರು. ನಾನು ಅದನ್ನು ಚೆಲುವನಿಗೆ ಕೊಟ್ಟೆ. ನಾಗಸ್ವರದ ತುದಿಗೆ ಸಿಕ್ಕಿಸಿ ಊದುವ ಪೀಪಿಗಳು ಒಣಗಿ ಸೀಳಿಹೋಗುತ್ತವೆ ಎಂದು ಅವನು ಸದಾ ಗೋಳಾಡುತ್ತಿದ್ದ. ಸಿಗಾರನ್ನು ಒಣಗಲು ಬಿಡದ ಪೆಟ್ಟಿಗೆ ಪೀಪಿಯನ್ನೂ ಬಿಡಲಿಕ್ಕಿಲ್ಲ ಎಂದುಕೊಂಡೆ. ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಾಗರತ್ನ ಅದನ್ನು ನಾಗಸ್ವರದ ಪಕ್ಕದಲ್ಲೇ ಅಟ್ಟದ ಮೇಲೆ ಇಡುತ್ತಿದ್ದಳು.

ಆಮೇಲೆ ಯಾವ ಕಂಪನಿ ಬಂದರೂ, ಸಿಗಾರೋ ಚುಟ್ಟವೋ ಬೇಕೆಂದರೆ ನಾನು ಸುತ್ತುವುದು, ಚೆಲುವ ಇಳಿಸುವುದು. ವರ್ಷಗಳೇ ಹೋದವು. ಅವನು ಬೀಡಿ ಸಿಗರೇಟು ಮುಟ್ಟಿದವನಲ್ಲ. ಶೂಟಿಂಗಿನದು ಅವನ ಲೆಕ್ಕದಲ್ಲಿ ಚಟವಲ್ಲ, ಕೆಲಸ. ಕೆಮ್ಮು ಬಂತು. ಧೂಳು ಎಂದ. ಮೇಲುಕೋಟೆಯ ಮೆಟ್ಟಿಲು ಹತ್ತುವಾಗ ನಡುವೆ ಕೂರತೊಡಗಿದ. ವಯಸ್ಸು ಎಂದ. ಕೊನೆಗೆ ಕಿರಂಗೂರಿನ ಒಂದು ಮದುವೆಯಲ್ಲಿ—ತಾಳಿ ಕಟ್ಟುವಾಗ, ಗಟ್ಟಿಮೇಳದ ನಡುವೆ—ಅವನ ಉಸಿರು ಕಡಿದುಹೋಯಿತು. ನಾಗಸ್ವರ ನಿಂತುಬಿಟ್ಟಿತು. ಡೋಲು ಒಂದೇ ಬಡಿದುಕೊಳ್ಳುತ್ತಿತ್ತು, ಯಾರೋ ಸೀನಿದ್ದು ಕೂಡ ಕೇಳಿಸಿತಂತೆ. ಮದುವೆಮನೆಯವರು ಏನೂ ಅನ್ನಲಿಲ್ಲ. ಆದರೆ ಚೆಲುವ ಅಂದು ಊಟಕ್ಕೆ ಕೂರದೆ ಎದ್ದು ಬಂದ.

ನಾನೇ ಅವನನ್ನು ಮಂಡ್ಯದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆಯ ಫೋಟೋ ನೋಡಿದರು, ಕೊಳವೆಗೆ ಊದಿಸಿದರು. "ಸೇದ್ತೀರಾ?" ಎಂದು ಕೇಳಿದರು.

"ಸೇದೋನಲ್ಲ ಸ್ವಾಮಿ, ನಾನು ಊದೋನು" ಎಂದ ಚೆಲುವ, ಹೆಮ್ಮೆಯಿಂದ.

ಅವನು ರಕ್ತ ಕೊಡಲು ಆಚೆ ಹೋದಾಗ ನಾನು ಡಾಕ್ಟರಿಗೆ ಶೂಟಿಂಗಿನ ವಿಷಯ ಹೇಳಿದೆ. ಇಷ್ಟಾದರೂ ಮಾಡಿದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಇವತ್ತೇ ನಿಲ್ಲಿಸಬೇಕು. ಹೋಗಿರೋ ಉಸಿರು ವಾಪಸು ಬರಲ್ಲ, ಆದರೆ ಈಗ ನಿಲ್ಲಿಸಿದರೆ ಇರೋದು ಉಳಿಯುತ್ತೆ. ಓಲಗ ಊದಲಿ, ಅದರಿಂದ ತೊಂದರೆ ಇಲ್ಲ. ಹೊಗೆ ಬೇಡ. ನೀವು ಹತ್ತಿರದವರು, ಬಿಡಿಸಿ ಹೇಳಿ."

ಆಚೆ ಬಂದೆ. ಚೆಲುವ ಬೆಂಚಿನ ಮೇಲೆ ಕೂತು ತೋಳಿನ ಹತ್ತಿ ಒತ್ತಿಕೊಂಡಿದ್ದ. ಆ ವಾರವೇ ಇನ್ನೊಂದು ದೊಡ್ಡ ಸಿನಿಮಾ ಶುರುವಾಗಿತ್ತು. "ಕೆಲಸ ಕೆಡದಿದ್ದರೆ ಈ ಸಲ ಟೈಟಲಿನಲ್ಲಿ ನಿಮ್ಮ ಹೆಸರು ಹಾಕಿಸ್ತೀನಿ ಅನ್ವರ್" ಎಂದಿದ್ದರು ಮ್ಯಾನೇಜರು. ಪರದೆಯ ಮೇಲೆ ನನ್ನ ಹೆಸರು. ಎಷ್ಟು ವರ್ಷದಿಂದ ಕಾದಿದ್ದೆ. ಆ ಸಿನಿಮಾದಲ್ಲೂ ಸಿಗಾರ್ ಇತ್ತು—

"ಏನಂತ್ಲಾ?" ಎಂದ ಚೆಲುವ.

"ಏನೂ ಇಲ್ಲ ಕಣ್ಲಾ. ಊದಿ ಊದಿ ಎದೆ ಸೋತದಂತೆ. ವಸಿ ವಾಲ್ಗ ಕಮ್ಮಿ ಮಾಡು ಅಂದ್ರು."

ಅಷ್ಟೇ ಮಾತು. ಎಲ್ಲಿಂದ ಬಂತೋ ಗೊತ್ತಿಲ್ಲ, ಬಾಯಿಂದ ಸಲೀಸಾಗಿ ಬಂತು. ಶೀತ ಎನ್ನಬಹುದಿತ್ತು, ಸುಸ್ತು ಎನ್ನಬಹುದಿತ್ತು. ಓಲಗವೇ ಏಕೆ? ಓಲಗ ಬಿಟ್ಟರೆ ಶೂಟಿಂಗಿಗೆ ಹೆಚ್ಚು ಬರುತ್ತಾನೆ ಎಂದೇ? ಆ ಯೋಚನೆ ಬಂದಿರಲಿಲ್ಲ ಎಂದು ಆಣೆ ಮಾಡಲಾರೆ. ಅವನ ಮುಖ ಬಾಡಿತು. "ಅಪ್ಪನ ಕಾಲದ್ದು ಕಣ್ಲಾ" ಎಂದ.

ಹೀಗೆ ಅವನು ನಾಗಸ್ವರ ಬಿಟ್ಟ, ಹೊಗೆ ಬಿಡಲಿಲ್ಲ. ಬಂದ ಮದುವೆಗಳನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟ, ನಾನು ಕರೆದಲ್ಲಿಗೆ ಬಂದ. ಇದೊಂದು ಸಿನಿಮಾ ಮುಗಿಯಲಿ, ಹೇಳಿಬಿಡುತ್ತೇನೆ ಎಂದುಕೊಂಡೆ. ಮುಗಿಯಿತು. ಪಾಂಡವಪುರದ ಟಾಕೀಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತು ನೋಡಿದೆವು. ನನ್ನ ಹೆಸರು ಬಂತು, ಕಣ್ಣು ಮಿಟುಕಿಸುವಷ್ಟು ಹೊತ್ತು. ಚೆಲುವ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಲು ಹೋದ. ಬರೀ ಗಾಳಿ ಬಂತು. ಇನ್ನೊಮ್ಮೆ ಪ್ರಯತ್ನಿಸಿದ, ಕೆಮ್ಮಿದ, ನಕ್ಕ. "ಓಗ್ಲಿ ಬುಡ್ಲಾ, ನೀನೇ ಸಿಳ್ಳೆ ಒಡ್ಕೊ" ಎಂದ. ಥೂ ನನ್ನ ಜನ್ಮಕ್ಕೆ! ಆಗಲಾದರೂ ಹೇಳಬಹುದಿತ್ತು. ಹೇಳದೆ ಉಳಿದ ಮಾತು ದಿನ ಕಳೆದಂತೆ ಹೇಳಲಾಗದ ಮಾತಾಯಿತು.

ಒಂದು ದಮ್ಮಿಗೂ ಉಸಿರು ಸಾಲದಾದ ಮೇಲೆ ಅವನು ಶೂಟಿಂಗಿಗೆ ಬರುವುದು ನಿಂತಿತು. ಈಗ ಅವನ ಮನೆಯಲ್ಲಿ ಆಕ್ಸಿಜನ್ ಮಿಷನ್ನು ಇದೆ. ಅದು ಗುರುಗುಟ್ಟುತ್ತಿರುತ್ತದೆ, ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಅವನು ಮಂಚಕ್ಕೆ ಒರಗಿರುತ್ತಾನೆ. ಬಂದವರಿಗೆಲ್ಲ ಹೇಳುತ್ತಿದ್ದ: "ಅವತ್ತು ನಮ್ ಅನ್ವರು ಆಸ್ಪತ್ರೆಗೆ ಕರ್ಕೊಂಡ್ ಓಗ್ದೆ ಇದ್ದಿದ್ರೆ ನಾನು ಯಾವತ್ತೋ ಓಗ್ಬುಡ್ತಿದ್ದೆ." ನಾನು ಕಾಫಿ ಲೋಟದೊಳಗೆ ನೋಡುತ್ತಿದ್ದೆ.

ಸುಮ ಡಿಗ್ರಿ ಮುಗಿಸಿದ್ದಾಳೆ. ಅವಳಿಗೆ ಅಪ್ಪನ ಎದೆ ಬಂದಿದೆ. ಯಾರಿಗೂ ಹೇಳದೆ, ಪೀಪಿಯೊಂದನ್ನೇ ಕದ್ದು ಊದಿ ಊದಿ ಅಭ್ಯಾಸ ಮಾಡಿಕೊಂಡಿದ್ದಳಂತೆ. ಮೇಲುಕೋಟೆಯ ಹಿರಿಯ ವಿದ್ವಾಂಸರೊಬ್ಬರು ನಾಗಸ್ವರ ಕಲಿಸಲು ಒಪ್ಪಿದ್ದರು. ಕಳೆದ ಶುಕ್ರವಾರ ನಾನು ಹೋದಾಗ ಮನೆಯಲ್ಲಿ ಅದೇ ಜಗಳ.

"ನನ್ ಎದೆ ಓಯ್ತು, ನಿಂದೂ ಕಳ್ಕೊಬೇಕಾ? ನಾನಿರೋಗಂಟ ಆಗಕ್ಕಿಲ್ಲ" ಎನ್ನುತ್ತಿದ್ದ ಚೆಲುವ, ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ. ನಾಗರತ್ನ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಮನೇಲಿ ಒಬ್ರು ಇಂಗಾಗಿರೋದು ಸಾಲ್ದಾ ಅಣ್ಣಾ? ನೀವಾದ್ರೂ ಬುದ್ಧಿ ಏಳಿ" ಎಂದಳು. ಸುಮ ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದಳು. ಚೆಲುವ ನನ್ನ ಕಡೆ ತಿರುಗಿದ.

"ನೀನೇ ಏಳ್ಲಾ ಅನ್ವರು. ಡಾಕ್ಟ್ರು ನಿನ್ ಕುಟ್ಟೆ ತಾನೆ ಅಂದಿದ್ದು. ಏನಂದ್ರು ಅಂತ ಇವ್ಳಿಗೆ ಏಳು."

ಯಾ ಅಲ್ಲಾ! ನನ್ನ ಸುಳ್ಳಿಗೆ ನನ್ನನ್ನೇ ಸಾಕ್ಷಿಗೆ ಕರೆದ. ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು, ರೂಢಿಯಾದ ಕೆಲಸ. ಆ ಹುಡುಗಿ ತಲೆ ಎತ್ತಿ "ಏನಂದ್ರು ಏಳಿ ಮಾಮ" ಎಂದಳು. ಅವಳ ಕಣ್ಣು ಕೆಂಪಾಗಿತ್ತು.

ಹೇಳಿದೆ. ನಟರು ಪಕ್ಕಕ್ಕೆ ಕರೆದು ಹೇಳಿದ್ದು, ಡಾಕ್ಟರು ಪೆನ್ನು ಕೆಳಗಿಟ್ಟು ಹೇಳಿದ್ದು, ಟೈಟಲಿನಲ್ಲಿ ಬರಬೇಕಿದ್ದ ನನ್ನ ಹೆಸರು—ಎಲ್ಲ. "ವಾಲ್ಗದ್ದಲ್ಲ ಚೆಲುವ. ಚುಟ್ಟದ್ದು. ನಂಗೆ ಗೊತ್ತಿತ್ತು." ಕ್ಷಮಿಸು ಎನ್ನಲಿಲ್ಲ. ಆ ಮಾತಿಗೆ ನನ್ನ ನಾಲಿಗೆ ಹೊರಳಲಿಲ್ಲ.

ನಾಗರತ್ನ ನನ್ನನ್ನು ನೋಡಿದ ನೋಟ—ಅದನ್ನು ಬರೆಯಲಾರೆ. ಚೆಲುವ ಗೋಡೆಯ ಕಡೆ ತಿರುಗಿದ. ಬೈಯುತ್ತಾನೆ, ಕೈಗೆ ಸಿಕ್ಕಿದ್ದು ಎಸೆಯುತ್ತಾನೆ ಎಂದು ಕಾದೆ. ಎಸೆದಿದ್ದರೆ ನನಗೆ ಹಗುರಾಗುತ್ತಿತ್ತು.

"ಅಂಗಾರೆ..." ಎಂದ, ಉಸಿರು ಕೂಡಿಸಿಕೊಂಡು. "ಅಂಗಾರೆ, ವಾಲ್ಗದ್ ತಪ್ಪೇನಿಲ್ವಾ?"

"ಇಲ್ಲ."

ಅವನ ಕಣ್ಣಲ್ಲಿ ನೀರು ಬಂತು. ನನಗಾಗಿ ಅಲ್ಲ, ತನಗಾಗಿಯೂ ಅಲ್ಲ ಎಂದು ಕಾಣುತ್ತದೆ. "ಸುಮಾ, ಅದ್ನ ಇಳ್ಸವ್ವ" ಎಂದ.

ಅವಳು ಅಟ್ಟದಿಂದ ನಾಗಸ್ವರ ಇಳಿಸಿದಳು, ಪಕ್ಕದ ಸಿಗಾರ್ ಪೆಟ್ಟಿಗೆಯನ್ನೂ ಇಳಿಸಿದಳು. ಚೆಲುವ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆದ. ಒಂದೊಂದೇ ಪೀಪಿ ಎತ್ತಿ ಮಗಳ ಕೈಗಿಟ್ಟ. ತಳದಲ್ಲಿ ಹೊಂಬಣ್ಣದ ಕಾಗದದ ಉಂಗುರಗಳಿದ್ದವು, ಅವನ್ನು ಮುಟ್ಟಲಿಲ್ಲ. ಮುಚ್ಚಳ ಹಾಕಿ ಪೆಟ್ಟಿಗೆಯನ್ನು ನನ್ನ ಕಡೆ ಚಾಚಿದ. ಮುಖ ನೋಡಲಿಲ್ಲ. ನಾನು ತೆಗೆದುಕೊಂಡು ಎದ್ದೆ. ಮುಂದಿನ ವಾರ ಬಾ ಎಂದು ಯಾರೂ ಅನ್ನಲಿಲ್ಲ.

ಬೀದಿಯ ತಿರುವಿಗೆ ಬರುವಷ್ಟರಲ್ಲಿ ಹಿಂದಿನಿಂದ ನಾಗಸ್ವರ ಕೇಳಿಸಿತು—ಒಡೆದ, ಒರಟಾದ ಒಂದು ಸ್ವರ. ನಿಂತಿತು, ಮತ್ತೆ ಬಂತು. ನಡುವೆ ಚೆಲುವನ ಧ್ವನಿ, ಕೆಮ್ಮು, ಮತ್ತೆ ಧ್ವನಿ. "ಎದೆಯಿಂದ್ಲೇ ಅಲ್ಲ ಕಣವ್ವ... ಒಟ್ಟೆಯಿಂದ... ಒಟ್ಟೆಯಿಂದ ತಕ್ಕೊ ಉಸಿರ." ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಾನು ಅಲ್ಲೇ ನಿಂತೆ. ಶ್ರೀರಂಗಪಟ್ಟಣದ ಬಸ್ಸು ಬಂತು, ಹತ್ತಲಿಲ್ಲ.