ಜಲ್ಲಿ ತೊಳೆದ ಆಯುಧಪೂಜೆ

ತೊಂಬತ್ತರ ದಶಕದ ಕೊನೆಯಲ್ಲಿ, ಕೆ.ಆರ್. ಪುರದ ಬಳಿ ಹಳೆಯ ಅಲ್ಯೂಮಿನಿಯಂ ಪಾತ್ರೆಗಳನ್ನು ಕರಗಿಸುವ ಪುಟ್ಟ ಕಾರ್ಖಾನೆಯೊಂದರಲ್ಲಿ ನಾನು ಹೊಸ ಎಂಜಿನಿಯರ್. ಕುಲುಮೆಯ ಹೊಗೆಯಿಂದ ಧೂಳು ಸೋಸಲು ಬಟ್ಟೆಯ ಚೀಲ ಕಟ್ಟಿದರೆ ಸುಟ್ಟೇ ಹೋಗುತ್ತಿತ್ತು. ಹಾಗಾಗಿ ಕಬ್ಬಿಣದ ದೊಡ್ಡ ಡ್ರಮ್ಮಿನಲ್ಲಿ ಮೊಳದೆತ್ತರಕ್ಕೆ ಜಲ್ಲಿ ತುಂಬಿ, ಬಿಸಿ ಹೊಗೆಯನ್ನು ಅದರೊಳಗಿಂದ ಹಾಯಿಸುತ್ತಿದ್ದೆವು. ಧೂಳು ಕಲ್ಲಿನ ಸಂದಿಯಲ್ಲಿ ಉಳಿಯುತ್ತಿತ್ತು. ಹಿಂದಿನ ಬೀದಿಯವರ ಪಂಚೆ ತಾರಸಿಯ ಮೇಲೆ ಬಿಳಿಯಾಗಿಯೇ ಒಣಗುತ್ತಿತ್ತು.

ನಮ್ಮ ಮೇಸ್ತ್ರಿ ರಾಯಚೂರು ಕಡೆಯವರು, ರಾಮಮೂರ್ತಿ ನಗರದಲ್ಲಿ ಬಾಡಿಗೆಗಿದ್ದರು. ಆಯುಧಪೂಜೆಯ ಬೆಳಿಗ್ಗೆ ತಕ್ಕಡಿ, ಗೇಟು, ಕೈಗಾಡಿ ಎಲ್ಲ ತೊಳೆಸಿ, ಕೊನೆಗೆ ಡ್ರಮ್ಮಿನ ಜಲ್ಲಿಯನ್ನೂ ಹೊರಗೆ ಸುರಿಸಿ ತೊಳೆಸಿದರು. ಅದೊಂದು ಬೇಡವೇನೋ ಎಂದು ನಾನು ರಾಗ ಎಳೆದೆ.

“ಹಬ್ಬದ ದಿನ ಎಲ್ಲಾ ತೊಳೀತೀವ್ರಿ ಸರ. ಕಲ್ಲೇನ್ ಪಾಪ ಮಾಡ್ಯಾವ?”

ಒದ್ದೆ ಜಲ್ಲಿಯನ್ನು ಹಾಗೆಯೇ ತುಂಬಿಸಲು ಒಪ್ಪಿದ್ದಲ್ಲದೆ, ಎಷ್ಟು ಚೆನ್ನಾಗಿ ತೊಳೆದಿದ್ದೀರಿ ಎಂದು ಮೆಚ್ಚಿಯೂ ಬಿಟ್ಟೆ.

ಕುಲುಮೆ ಹೊತ್ತಿಸಿ, ಹೊಗೆ ತಳ್ಳುವ ಬ್ಲೋವರ್ ಹಾಕಿದೆವು. ಮೇಸ್ತ್ರಿ ಕರ್ಪೂರದ ತಟ್ಟೆ ಹಿಡಿದು ಏಣಿ ಹತ್ತಿ, ಡ್ರಮ್ಮಿನ ಕಿಂಡಿ ತೆರೆದು ಒಳಗೆ ಇಣುಕಿದರು. ಟಪ್ ಎಂದಿತು. ಇನ್ನೊಂದು ಟಪ್. ಒದ್ದೆ ಕಲ್ಲು ದಿಢೀರನೆ ಕಾದರೆ ಸಿಡಿಯುತ್ತದೆ ಎಂಬುದು ನನಗೆ ನೆನಪಾದದ್ದು ಆಗ. ಅವರ ಕಣ್ಣಿಗೂ ಕಲ್ಲಿಗೂ ಒಂದು ಗೇಣು. ಇಳೀರಿ ಎಂದು ಕೂಗಿದೆ, ಬ್ಲೋವರಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ.

ಅಷ್ಟರಲ್ಲಿ ಅವರೇ ಇಳಿದರು. ಬೂಟು ಹಾಕ್ಕೊಂಡೇ ಆರತಿಗೆ ನಿಂತೆನಲ್ಲ ಎಂದು ಗೊಣಗುತ್ತ, ಲೇಸು ಬಿಚ್ಚಲು ಕೆಳಗೆ ಕುಳಿತರು. ಕೆಲಸದ ಜಾಗದಲ್ಲಿ ಬೂಟು ಬಿಚ್ಚಕೂಡದೆಂದು ಅವರಿಗೆ ಸುರಕ್ಷತೆಯ ಪಾಠ ಹೇಳಿದ್ದವನು ನಾನೇ. ಕಿಂಡಿಯಿಂದ ಕಲ್ಲಿನ ಚೂರುಗಳು ಬಾಣಲೆಯ ಅರಳಿನಂತೆ ಎಗರಿ ಎದುರಿನ ತಗಡಿಗೆ ಬಡಿದವು. ಹಿಂದೆಯೇ ಹೊಗೆಕೊಳವೆಯಲ್ಲಿ ಕೂತಿದ್ದ ಬೂದಿ.

ಬ್ಲೋವರ್ ಆರಿಸಿ ಓಡಿದೆ. ವಿಭೂತಿಯಲ್ಲಿ ಅದ್ದಿ ತೆಗೆದಂತೆ ಕುಳಿತಿದ್ದರು. ಅವರನ್ನು ಇನ್ನೊಂದೇ ಕ್ಷಣ ಏಣಿಯ ಮೇಲೆ ನಿಲ್ಲಿಸಿ ನೋಡುವ ಕೆಲಸವನ್ನು ನನ್ನ ಮನಸ್ಸು ಇಂದಿಗೂ ಬಿಟ್ಟಿಲ್ಲ. ಮುಖ ಒರೆಸಿ, ಕಣ್ಣ ಮುಂದೆ ಬೆರಳು ಹಿಡಿದು, ಎಷ್ಟು ಕಾಣುತ್ತದೆ ಎಂದು ಕೇಳಿದೆ. ಬಹಳ ಹೊತ್ತು ದಿಟ್ಟಿಸಿದರು.

“ಹೇಳ್ತೀನ್ರಿ ಸರ,” ಅಂದರು. “ಮೊದ್ಲ ನಿಮ್ ಕೈ ನಡಗೋದು ನಿಲ್ಲಸ್ರಿ.”